ಜರ್ಮೇನಿಯಂ ಮೇಲೆ ಒಂದು ಗೆರೆ

ಹೊರಡುವ ಮೊದಲು

ಸಿಂಗಾಪುರದಿಂದ ವಾಪಸ್ಸು ಬಂದ ದಿನದಿಂದ ಮೈಸೂರಿನಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದಾರೆ: ಬಾಯಿಂದ ನೀರುಗುಳುವ ಸಿಂಹ ನೋಡಿದಿರಾ, ನೆತ್ತಿಯ ಮೇಲೆ ಈಜುಕೊಳ ಹೊತ್ತ ಹೋಟೆಲ್ ನೋಡಿದಿರಾ? ನೋಡಲಿಲ್ಲ. ನಾನು ನೋಡಿದ್ದು ಕಿಟಕಿಯೇ ಇಲ್ಲದ ಒಂದು ಕೋಣೆ, ಅದರೊಳಗೆ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಹರಳು. ಅದನ್ನಾದರೂ ನೆಟ್ಟಗೆ ನೋಡಲು ಬಿಟ್ಟರೇ ಎಂದು ಕೇಳಿ. ಅದೇ ಕಥೆ.

ನಾನು ಭೌತಶಾಸ್ತ್ರ ಕಲಿಸುವವಳು. ಅರೆವಾಹಕ ಹರಳುಗಳ ಮೇಲ್ಮೈಯಲ್ಲಿ ಪರಮಾಣುಗಳು ಹೇಗೆ ಕೂತಿರುತ್ತವೆ, ಅಲ್ಲಿ ಎಲೆಕ್ಟ್ರಾನುಗಳು ಏನು ಮಾಡುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಹರಳಿನ ಒಳಗಿರುವ ಪ್ರತಿ ಪರಮಾಣುವೂ ನಾಲ್ಕು ಕೈ ಚಾಚಿ ನಾಲ್ವರು ನೆರೆಯವರನ್ನು ಹಿಡಿದುಕೊಂಡಿರುತ್ತದೆ. ಮೇಲ್ಮೈಯಲ್ಲಿರುವುದಕ್ಕೆ ಆ ಭಾಗ್ಯವಿಲ್ಲ. ಮೇಲೆ ಯಾರೂ ಇಲ್ಲವಲ್ಲ! ಪಕ್ಕದವರ ಜೊತೆ ಹೇಗೋ ಹೊಂದಿಸಿಕೊಂಡ ಮೇಲೂ ಅದರ ಒಂದು ಕೈ ಖಾಲಿ ಉಳಿಯುತ್ತದೆ. ಜಲಜನಕ ಬಿಟ್ಟರೆ ಅದು ಬಂದು ಆ ಖಾಲಿ ಕೈಗಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಆಮೇಲೆ ತುದಿಯಲ್ಲಿ ಒಂದೇ ಪರಮಾಣು ಇರುವಷ್ಟು ಮೊನಚಾದ ಸೂಜಿಯಿಂದ ಆ ಜಲಜನಕಗಳನ್ನು ಒಂದೊಂದಾಗಿ, ಸಾಲಾಗಿ ಕೀಳಬಹುದು. ಆಗ ಉಳಿಯುವುದು ಖಾಲಿ ಕೈಗಳ ಒಂದು ಗೆರೆ, ಪ್ರತಿ ಕೈಯಲ್ಲೂ ಒಂದು ಎಲೆಕ್ಟ್ರಾನ್.

ಆ ಎಲೆಕ್ಟ್ರಾನುಗಳು ಗೆರೆಯುದ್ದಕ್ಕೂ ಹರಿಯುತ್ತವೆಯೇ? ಹರಿದರೆ ಅದು ಪ್ರಪಂಚದಲ್ಲೇ ಅತಿ ಸಣ್ಣ ತಂತಿ. ಜರ್ಮೇನಿಯಂ ಹರಳಿನ ಮೇಲೆ ಅವು ಹರಿಯುವುದಿಲ್ಲ ಎಂದು ನನ್ನ ಲೆಕ್ಕ ಹೇಳುತ್ತಿತ್ತು. ಗೆರೆಯ ಪರಮಾಣುಗಳು ಒಂದು ಮೇಲೆ, ಒಂದು ಕೆಳಗೆ, ಹೀಗೆ ಏರಿಳಿದು ಕೂರುತ್ತವೆ. ಎಲೆಕ್ಟ್ರಾನು ಮೇಲಿರುವುದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆದರೆ ಸಿಂಗಾಪುರದ ಹುಯಿ ಮಿನ್ ಎಂಬ ವಿಜ್ಞಾನಿ ಅಂಥ ಗೆರೆಯ ಚಿತ್ರ ತೆಗೆದಿದ್ದಳು. ಅದರಲ್ಲಿ ಎಲ್ಲ ಪರಮಾಣುಗಳೂ ಒಂದೇ ಎತ್ತರ. ನಾನು ಯಾವ ಪತ್ರಿಕೆಗೆ ಪ್ರಬಂಧ ಕಳಿಸಿದರೂ ಅವರು ಅವಳ ಚಿತ್ರ ತೋರಿಸಿ ವಾಪಸ್ಸು ಕಳಿಸುತ್ತಿದ್ದರು. ಎರಡು ವರ್ಷ ನಾವಿಬ್ಬರೂ ಇಮೇಲಿನಲ್ಲಿ ವಾದಿಸಿದೆವು. ಕೊನೆಗೆ ಅವಳೇ ಬರೆದಳು: "ನಂಬಿಕೆ ಇಲ್ಲದಿದ್ದರೆ ಬಂದು ಕಣ್ಣಾರೆ ನೋಡು. ಬೇಗ ಬಾ. ಯಂತ್ರ ಬಿಚ್ಚಿ ಬೇರೆ ಕಡೆ ಸಾಗಿಸುತ್ತಾರೆ. ಮತ್ತೆ ಜೋಡಿಸಿ ಸರಿಹೋಗುವುದಕ್ಕೆ ವರ್ಷದ ಮೇಲಾಗುತ್ತದೆ."

ವರ್ಷದ ಮೇಲಾದರೆ ನಾನು ನಿವೃತ್ತಳು. ನಿವೃತ್ತಿಯಾದ ಮೇಷ್ಟರ ವಾದವನ್ನು ಯಾರು ಕೇಳುತ್ತಾರೆ? ಹೊರಟೆ. ಬೆಂಗಳೂರಿನ ಸಹೋದ್ಯೋಗಿಯೊಬ್ಬರು ನನಗೆ ಬೇಕಾದ ಅಳತೆಯಲ್ಲಿ ಬೇರೆ ಧಾತು ಬೆರೆಸಿದ ಜರ್ಮೇನಿಯಂ ಹರಳಿನ ಎರಡು ಚೂರು ಕೊಟ್ಟರು. ಅವನ್ನು ಕೈಚೀಲದಲ್ಲಿಟ್ಟುಕೊಂಡು ಕೂತವಳು ವಿಮಾನದಲ್ಲಿ ನಿದ್ದೆ ಮಾಡಲಿಲ್ಲ.

ಬುಕಿತ್ ಪಂಜಾಂಗ್

ಉಳಿದುಕೊಂಡದ್ದು ಕಾಲೇಜಿನ ಗೆಳತಿ ಶುಭಾಳ ಮನೆಯಲ್ಲಿ. ಅವಳೂ ಗಂಡನೂ ಐಟಿಯವರು, ಬುಕಿತ್ ಪಂಜಾಂಗ್‌ನಲ್ಲಿ ಬಹಳ ವರ್ಷದಿಂದ ಇದ್ದಾರೆ. ಅಲ್ಲಿ ಎಲ್‌ಆರ್‌ಟಿ ಎಂಬ ಪುಟ್ಟ ರೈಲು ಮನೆಗಳ ಮಧ್ಯೆಯೇ ಮೇಲುಸೇತುವೆಯಲ್ಲಿ ಸುತ್ತು ಹಾಕುತ್ತದೆ. ಒಂದು ಆ ಕಡೆಯಿಂದ ಸುತ್ತುತ್ತದೆ, ಇನ್ನೊಂದು ಈ ಕಡೆಯಿಂದ. ನಾನು ಮೊದಲ ಬೆಳಿಗ್ಗೆಯೇ ತಪ್ಪು ರೈಲು ಹತ್ತಿ ಊರನ್ನೆಲ್ಲ ಪ್ರದಕ್ಷಿಣೆ ಹಾಕಿದೆ. ಸಾಲದ್ದಕ್ಕೆ ನಡುವೆ ಇದ್ದಕ್ಕಿದ್ದಂತೆ ಕಿಟಕಿಗಳೆಲ್ಲ ಬೆಳ್ಳಗೆ ಮಸುಕಾದವು. ಕಣ್ಣಿಗೆ ಏನೋ ಆಯಿತೆಂದು ಕನ್ನಡಕ ಒರೆಸಿದೆ. ಗಾಬರಿಯಾಗಿ ಶುಭಾಳಿಗೆ ಫೋನ್ ಮಾಡಿದೆ.

"ಅದು ಹಾಗೇ ಕಣೇ," ಎಂದು ನಕ್ಕಳು. "ಫ್ಲ್ಯಾಟ್ ಹತ್ರ ಬಂದಾಗ ಗ್ಲಾಸ್ ಬ್ಲರ್ ಆಗುತ್ತೆ. ಟ್ರೈನ್‌ನಲ್ಲಿ ಕೂತೋರು ಮನೆಯೊಳಗೆ ನೋಡಬಾರದು ಅಂತ."

ನಮ್ಮಲ್ಲಿ ಸಿಟಿ ಬಸ್ಸಿನಲ್ಲಿ ಪಕ್ಕ ಕೂತವರು ನನ್ನ ಸಂಬಳ, ಸೊಸೆಯ ಊರು, ಮಂಡಿನೋವಿನ ಮಾತ್ರೆ ಎಲ್ಲ ಕೇಳಿ ತಿಳಿದುಕೊಳ್ಳುತ್ತಾರೆ. ಇಲ್ಲಿ ರೈಲೇ ಕಣ್ಣು ಮುಚ್ಚಿಕೊಳ್ಳುತ್ತದೆ. ಮೆಚ್ಚಬೇಕಾದ ವ್ಯವಸ್ಥೆ, ಒಪ್ಪುತ್ತೇನೆ. ಆದರೆ ಇಳಿಯುವ ನಿಲ್ದಾಣ ಯಾವುದೆಂದು ಕಾಣದೆ ಒದ್ದಾಡುವವಳಿಗೆ ಮೆಚ್ಚುವ ತಾಳ್ಮೆ ಎಲ್ಲಿಂದ ಬರಬೇಕು?

ಶುಭಾಳ ಮಗಳು ನಿತ್ಯಾ ಅಲ್ಲೇ ಹುಟ್ಟಿ ಬೆಳೆದವಳು, ಯೂನಿವರ್ಸಿಟಿಯಲ್ಲಿ ಕಾಮರ್ಸ್ ಓದುತ್ತಾಳೆ. ಊಟಕ್ಕೆ ಕೂತಾಗ ನನ್ನ ಕೆಲಸದ ಬಗ್ಗೆ ಕೇಳಿದಳು. ನಾನು ಉತ್ಸಾಹದಿಂದ ಎಲ್ಲ ವಿವರಿಸಿದೆ.

"ಆಂಟಿ, ವೇಟ್. ಕರೆಂಟ್ ಹರಿಯಲ್ಲ ಅಂತ ಪ್ರೂವ್ ಮಾಡೋಕೆ ಇಷ್ಟು ದೂರ ಬಂದ್ರಾ? ಹರಿಯುತ್ತೆ ಅಂದ್ರೆ ಯೂಸ್ ಆಗುತ್ತೆ. ಹರಿಯಲ್ಲ ಅಂದ್ರೆ ಯಾರಿಗೆ ಬೇಕು ಲಾ?"

"ಹರಿಯಲ್ಲ ಅಂತ ಗೊತ್ತಿಲ್ದೆ ಯಾರೋ ಅದನ್ನ ನಿನ್ ಫೋನಲ್ಲಿ ಹಾಕಿದ್ರೆ, ಫೋನೇ ಆನ್ ಆಗಲ್ಲ ಕಣಮ್ಮ."

ಮಾತಿನ ಕೊನೆಗೊಂದು 'ಲಾ' ಅಂಟಿಸುವುದು ಅಲ್ಲಿನವರ ರೂಢಿ. ಸ್ವಲ್ಪ ಯೋಚಿಸಿದಳು. "ಓಕೆ ಲಾ. ಸೆನ್ಸ್ ಇದೆ." ಪತ್ರಿಕೆಗಳವರು ಇಷ್ಟು ಬೇಗ ಒಪ್ಪಿದ್ದರೆ ನಾನು ಮೈಸೂರಿನಲ್ಲೇ ಇರಬಹುದಿತ್ತು.

ಬೂನ್ ಲೇ

ಪ್ರಯೋಗಾಲಯ ಬೂನ್ ಲೇಯಿಂದಲೂ ಆಚೆಗೆ. ಪುಟ್ಟ ರೈಲು, ಒಂದು ಬಸ್ಸು, ಮತ್ತೊಂದು ಬಸ್ಸು. ಎಲ್ಲದರಲ್ಲೂ ಎಸಿ ಎಷ್ಟು ಜೋರೆಂದರೆ ಹೊರಗೆ ಬೆವರಿ ತೊಪ್ಪೆಯಾದ ಸೀರೆ ಒಳಗೆ ಮೈಗೆ ತಣ್ಣಗೆ ಅಂಟಿಕೊಳ್ಳುತ್ತಿತ್ತು.

ಹುಯಿ ಮಿನ್ ಬಾಗಿಲಲ್ಲೇ ನಿಂತಿದ್ದಳು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಗಿಡ್ಡ ಕೂದಲು, ಮುಖದಲ್ಲಿ ನಗುವಿಲ್ಲ. ನಾನು ಕೈ ಚಾಚಿದೆ. ಅವಳು ನನ್ನ ಕಾಲು ನೋಡಿದಳು.

"ಚಪ್ಪಲಿ," ಎಂದಳು. "ಲ್ಯಾಬ್ ಒಳಗೆ ಬರೋ ಹಾಗಿಲ್ಲ. ಪಾದ ಪೂರ್ತಿ ಮುಚ್ಚಿರಬೇಕು." ಅವಳು ಮಾತಾಡಿದ್ದು ಅಲ್ಲಿನ ಇಂಗ್ಲಿಷಿನಲ್ಲಿ, ನನಗೆ ಅರ್ಥವಾದ ಹಾಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ನಾಳೆ ಹಾಕ್ಕೊಂಡು ಬರ್ತೀನಿ. ಇವತ್ತು ಸುಮ್ನೆ ಒಂದ್ಸಲ ನೋಡ್ತೀನಿ."

"ಆಗಲ್ಲ."

ನಮ್ಮೂರಿನಲ್ಲಿ 'ಆಗಲ್ಲ' ಎನ್ನುವುದು ಮಾತುಕತೆಯ ಆರಂಭ. ಆಮೇಲೆ ಊರು ಯಾವುದು, ಯಾರ ಕಡೆಯವರು ಎಂದು ವಿಚಾರಿಸಿ, ಕೊನೆಗೆ 'ಸರಿ, ಬೇಗ ಬನ್ನಿ' ಎಂದಾಗುತ್ತದೆ. ಇಲ್ಲಿ ಹಾಗೇನೂ ಆಗಲಿಲ್ಲ. ಬಸ್ಸು ಹತ್ತಿ ಬೂನ್ ಲೇಯ ಮಾಲ್‌ಗೆ ವಾಪಸ್ಸು ಹೋಗಿ, ಸೀರೆಯ ಕೆಳಗೆ ಅವತಾರದಂತೆ ಕಾಣುವ ಬೂದು ಶೂ ಕೊಂಡು ಬಂದೆ. ಆಮೇಲೆ ಸುರಕ್ಷತೆಯ ಪರೀಕ್ಷೆ. ಕಂಪ್ಯೂಟರಿನಲ್ಲಿ ಪ್ರಶ್ನೆಗಳು: ಬೆಂಕಿ ಬಿದ್ದರೆ ಯಾವ ಬಾಗಿಲು, ದ್ರವ ಸಾರಜನಕ ಚೆಲ್ಲಿದರೆ ಏನು ಮಾಡಬೇಕು. ಜೀವನವಿಡೀ ಬೇರೆಯವರನ್ನು ಫೇಲ್ ಮಾಡಿದವಳು ಮೊದಲ ಸಲ ಫೇಲಾದೆ. ಹುಯಿ ಮಿನ್ ಬಂದು ನೋಡಿದಳು. ಪರದೆಯನ್ನು ಮತ್ತೆ ಮೊದಲ ಪ್ರಶ್ನೆಗೆ ತಿರುಗಿಸಿಟ್ಟು ಹೋದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಸಂಜೆ ಹೊರಡುವಾಗ ಮಾತ್ರ ನನ್ನ ಹೆಸರು ಕೇಳಿ, "ವಾರಿಜಾ" ಎಂದು ಹೇಳಲು ಎರಡು ಮೂರು ಸಲ ಪ್ರಯತ್ನಿಸಿ ಸೋತು, "ವಾರಿ" ಎಂದು ಕತ್ತರಿಸಿದಳು. "ನಾಳೆ ಶುರು ಮಾಡೋಣ. ಡೋಂಟ್ ವರಿ, ವಾರಿ." ತಾನು ಜೋಕ್ ಮಾಡಿದೆನೆಂದು ಅವಳಿಗೆ ತಿಳಿದಂತೆಯೂ ಕಾಣಲಿಲ್ಲ.

ಕಿಟಕಿಯಿಲ್ಲದ ಕೋಣೆ

ಯಂತ್ರವೆಂದರೆ ಮಿರಮಿರ ಮಿಂಚುವ ಉಕ್ಕಿನ ದೊಡ್ಡ ಹೊಟ್ಟೆ, ಅದರ ಸುತ್ತ ಕೊಳವೆಗಳು, ಸಣ್ಣ ಗಾಜಿನ ಕಿಂಡಿಗಳು. ಒಳಗೆ ಗಾಳಿಯೇ ಇಲ್ಲ; ಇದ್ದರೆ ಹರಳಿನ ಮೇಲ್ಮೈ ಕ್ಷಣದಲ್ಲಿ ಕೊಳೆಯಾಗುತ್ತದೆ. ಹರಳನ್ನು ಒಳಗೆ ಕಳಿಸಿ, ಉಜ್ಜಿ, ಕಾಯಿಸಿ, ಮತ್ತೆ ಉಜ್ಜಿ, ಕಾಯಿಸಿ, ಪರಮಾಣುಗಳ ಹೊಸ ನೆಲ ಮೇಲೇಳುವಂತೆ ಮಾಡಬೇಕು.

ಹುಯಿ ಮಿನ್‌ಳ ಕೈ ನೋಡುವುದೇ ಒಂದು ಪಾಠ. ಹೊರಗಿನ ಹಿಡಿಕೆ ತಿರುಗಿಸಿ ಒಳಗಿನ ಚಿಕ್ಕ ಇಕ್ಕಳದಿಂದ ಹರಳನ್ನು ಎತ್ತಿ ಇಡುತ್ತಿದ್ದಳು. ನಾನು ಕಿಂಡಿಯಿಂದ ನೋಡುತ್ತಿದ್ದೆ. ಕಾಯಿಸಲು ವಿದ್ಯುತ್ ಏರಿಸುತ್ತಾ ಹೋದಳು. ಹರಳು ಮಂಕು ಕೆಂಪಾಯಿತು, ಆಮೇಲೆ ಕೆಂಡದ ಕೆಂಪು. ಕಿತ್ತಳೆ ಬಣ್ಣಕ್ಕೆ ತಿರುಗುವಾಗ ನನಗೆ ಏನೋ ಅನುಮಾನ. ಲೆಕ್ಕದವಳು ನಾನು, ಪ್ರಯೋಗದವರ ಕೆಲಸದಲ್ಲಿ ಬಾಯಿ ಹಾಕುವುದು ಹೇಗೆ ಎಂದು ಸುಮ್ಮನಿದ್ದೆ.

ಹರಳು ಇದ್ದಕ್ಕಿದ್ದಂತೆ ಕನ್ನಡಿಯಂತೆ ಹೊಳೆದು, ನಡುವಿನಲ್ಲಿ ಕುಸಿದು, ಹನಿಯಾಗಿ ಕೆಳಗೆ ಜಾರಿತು.

"ಅಯ್ಯೋ, ಏನೇ ಮಾಡ್ದೆ ನೀನು!" ಎಂದು ಕನ್ನಡದಲ್ಲೇ ಕೂಗಿದೆ. ಭಾಷೆ ಬೇಕಾಗಲಿಲ್ಲ, ಅವಳಿಗೆ ಅರ್ಥವಾಯಿತು.

ಸಿಲಿಕಾನ್ ತಡೆಯುವ ಕಾವಿಗೆ ಜರ್ಮೇನಿಯಂ ಕರಗಿ ನೀರಾಗುತ್ತದೆ. ಹುಯಿ ಮಿನ್ ವರ್ಷಗಟ್ಟಲೆ ಹೆಚ್ಚಾಗಿ ಸಿಲಿಕಾನನ್ನೇ ಕಾಯಿಸಿದವಳು. ಯೋಚನೆ ಬೇರೆಲ್ಲೋ ಇದ್ದಾಗ ಕೈ ತನ್ನ ಹಳೆಯ ದಾರಿಯಲ್ಲಿ ಹೋಗಿತ್ತು. ಅವಳು ವಿದ್ಯುತ್ ಆರಿಸಿ, ಕೈಗವಸು ಕಳಚಿಟ್ಟು ಕೋಣೆಯಿಂದ ಹೊರಗೆ ಹೋದಳು.

ನನಗೆ ಬಂದ ಸಿಟ್ಟು ಹೇಳತೀರದು. ಸಮುದ್ರ ದಾಟಿ ತಂದ ಹರಳು! ಚಪ್ಪಲಿಗೆ ಅಷ್ಟು ಶಿಸ್ತು ಮಾಡಿದವಳು! ಅವಳು ಬಂದರೆ ಹೇಳಬೇಕಾದ ಮಾತುಗಳನ್ನೆಲ್ಲ ಇಂಗ್ಲಿಷಿನಲ್ಲಿ ಜೋಡಿಸಿಕೊಂಡೆ. ಬಂದಳು. ಕೈಯಲ್ಲಿ ಎರಡು ಕಾಫಿ. ಕಣ್ಣು ಕೆಂಪಾಗಿತ್ತು.

"ಸಾರಿ," ಎಂದಳು. "ನನ್ನ ತಪ್ಪು. ರಾತ್ರಿ ನಿದ್ದೆ ಇರಲಿಲ್ಲ. ಯಂತ್ರ ಬಿಚ್ಚೋರ ಫೋನು, ಡೈರೆಕ್ಟರ್ ಫೋನು. ಇದನ್ನ ನಾನೇ ಜೋಡಿಸಿದ್ದು, ವಾರಿ. ಒಂದೊಂದು ಬೋಲ್ಟ್."

ಜೋಡಿಸಿಕೊಂಡ ಮಾತುಗಳನ್ನು ಬದಿಗಿಟ್ಟು ಅವಳ ಕೈಯಿಂದ ಒಂದು ಲೋಟ ತೆಗೆದುಕೊಂಡೆ. ಸಿಟ್ಟು ಹೋಯಿತೇ? ಇಲ್ಲ. ಆದರೆ ಕಾಫಿ ಕುಡಿದೆ. ಡಬ್ಬಿಯ ಸಿಹಿ ಹಾಲು ಸುರಿದ ಕಾಫಿ. ಅದೂ ಸಿಟ್ಟು ಬರಿಸುವಂತೆಯೇ ಇತ್ತು.

"ಇನ್ನೊಂದು ಇದೆ," ಎಂದೆ. "ಈ ಸಲ ನಾನು ಪಕ್ಕದಲ್ಲಿ ನಿಂತು ಸಾಕು ಅಂತ ಕೂಗ್ತೀನಿ. ನೀನು ಕೇಳಬೇಕು."

"ಕೂಗು," ಎಂದಳು.

ದಢ್, ದಢ್

ಎರಡನೆಯ ಹರಳು ಕರಗಲಿಲ್ಲ. ನಾನು ಅಷ್ಟು ಕೂಗಿದೆ. ಜಲಜನಕವೂ ಚೆನ್ನಾಗಿ ಕೂತಿತು. ದ್ರವ ಸಾರಜನಕದಿಂದ ಯಂತ್ರದ ಹೊಟ್ಟೆ ತಣ್ಣಗಾಯಿತು. ಸೂಜಿ ಹರಳಿನ ಹತ್ತಿರ ಹೋಯಿತು, ಪರದೆಯ ಮೇಲೆ ಚಿತ್ರ ಮೂಡತೊಡಗಿತು. ಅಷ್ಟರಲ್ಲಿ ಎಲ್ಲಿಂದಲೋ ದಢ್ ಎಂದಿತು. ಚಿತ್ರದ ಮೇಲೆ ಅಡ್ಡ ಬರೆ ಎಳೆದಂತಾಯಿತು. ಮತ್ತೆ ದಢ್. ಮತ್ತೊಂದು ಬರೆ.

ಪಕ್ಕದಲ್ಲಿ ಹೊಸ ಕಟ್ಟಡಕ್ಕೆ ಕಂಬ ಹೂಳುತ್ತಿದ್ದರು. ದೊಡ್ಡ ಸುತ್ತಿಗೆ ನೆಲಕ್ಕೆ ಬಿದ್ದಾಗಲೆಲ್ಲ ಸೂಜಿ ನಡುಗುತ್ತಿತ್ತು. ಈ ಕಾಟ ತಡೆಯಲಾರದೇ ಯಂತ್ರವನ್ನು ಬೇರೆ ಕಡೆ ಸಾಗಿಸುತ್ತಿರುವುದು ಎಂದು ಆಗ ಗೊತ್ತಾಯಿತು.

"ಇದನ್ನ ಇಮೇಲಲ್ಲಿ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬರ್ತಿರಲಿಲ್ಲ."

ನಮ್ಮ ಬೀದಿಯಲ್ಲಾಗಿದ್ದರೆ ನಾನೇ ಹೋಗಿ ಮೇಸ್ತ್ರಿಗೆ ಸ್ವಲ್ಪ ಹೊತ್ತು ನಿಲ್ಲಿಸಪ್ಪಾ ಅನ್ನುತ್ತಿದ್ದೆ, ಅವನೂ ನಿಲ್ಲಿಸುತ್ತಿದ್ದ. ಹುಯಿ ಮಿನ್ ಫೋನ್ ಮಾಡಿದಳು. ಅವರ ಪರವಾನಗಿ ಇರುವ ಹೊತ್ತಿನಲ್ಲಿ ಅವರ ಕೆಲಸ, ಅಷ್ಟೇ. ಸಂಜೆ ಅವರು ನಿಲ್ಲಿಸುವ ಹೊತ್ತಿಗೆ ಕಟ್ಟಡದ ಬಾಗಿಲು ನನ್ನಂಥ ಅತಿಥಿಗಳಿಗೆ ಮುಚ್ಚುತ್ತಿತ್ತು. ಅದು ಇನ್ನೊಂದು ನಿಯಮ; ಆ ಹೊತ್ತಿನಲ್ಲಿ ಒಬ್ಬರೇ ಉಳಿದು ಯಂತ್ರ ನಡೆಸುವಂತಿಲ್ಲ ಎಂಬುದು ಮತ್ತೊಂದು. ಇಡೀ ದಿನ ಬರೆ ಬಿದ್ದ ಚಿತ್ರಗಳನ್ನು ನೋಡಿ ನೋಡಿ ನನ್ನ ತಲೆಯೊಳಗೇ ಕಂಬ ಹೂಳಿದಂತಾಯಿತು. ಮರುದಿನ ಕೊನೆಯ ದಿನ. ಅದರಾಚೆ ಬೆಳಿಗ್ಗೆ ಬಿಚ್ಚುವವರು ಬರುತ್ತಾರೆ.

ಮನೆಗೆ ಹೋಗಿ ಶುಭಾಳ ಮುಂದೆ, "ಇವರ ರೂಲ್ಸಿಗೆ ಬೆಂಕಿ ಹಾಕ" ಎಂದು ಗೋಳಾಡಿದೆ. ಶುಭಾ ಬಿಸಿ ಸಾರು ಬಡಿಸಿ, "ಬಂದ ಮೊದಲ ವರ್ಷ ನಾನೂ ಹಿಂಗೇ ಕೂಗಾಡ್ತಿದ್ದೆ" ಎಂದಳು. "ಆಮೇಲೆ ಅಭ್ಯಾಸ ಆಯ್ತಾ?" "ಇಲ್ಲ. ಕೂಗಾಡೋದು ಬಿಟ್ಟೆ ಅಷ್ಟೇ."

ಶುಕ್ರವಾರ ಮಧ್ಯಾಹ್ನ

ಶುಕ್ರವಾರವೂ ಬೆಳಿಗ್ಗೆಯಿಂದ ದಢ್ ದಢ್. ಊಟದ ಹೊತ್ತು ಕಳೆಯಿತು. ನಾನು ಮನಸ್ಸಿನಲ್ಲೇ ಸೂಟ್‌ಕೇಸ್ ತುಂಬಿಕೊಳ್ಳುತ್ತಿದ್ದೆ. ಆಗ ಹೊರಗೆ ಉದ್ದಕ್ಕೆ ಒಂದು ಸೈರನ್ ಕೂಗಿತು. ಕಂಬದ ಸದ್ದು ನಿಂತಿತು.

ಹುಯಿ ಮಿನ್ ಕುರ್ಚಿಯಿಂದ ಜಿಗಿದೆದ್ದಳು. "ಸಿಡಿಲಿನ ಅಲಾರ್ಮ್! ಮೋಡ ಹತ್ರ ಬಂದಿದೆ. ಹೊರಗಿನ ಕೆಲಸ ಎಲ್ಲ ನಿಲ್ಲಿಸಲೇಬೇಕು, ರೂಲ್. ವಾರಿ, ಬಾ, ಬಾ!"

ನಿನ್ನೆ ಬೆಂಕಿ ಹಾಕಿದ ರೂಲ್ಸಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಅವಳು ಸೂಜಿಯನ್ನು ಇಳಿಸಿದಳು. ಕೋಣೆಯಲ್ಲಿ ಪಂಪಿನ ಸಣ್ಣ ಗುಂಯ್ ಬಿಟ್ಟರೆ ಸದ್ದಿಲ್ಲ. ಪರದೆಯ ಮೇಲೆ, ಬರೆಯಿಲ್ಲದ ನೆಲದ ಮೇಲೆ, ಸಾಲು ಸಾಲಾಗಿ ಸಣ್ಣ ಉಬ್ಬುಗಳು ಎದ್ದವು. ಈ ಮೇಲ್ಮೈಯನ್ನು ನಾನು ಎಷ್ಟು ವರ್ಷ ಅಂಕಿಗಳಲ್ಲಿ ನೋಡಿದ್ದೇನೋ. ಅದು ಹೀಗೆ ನಿಜವಾಗಿ ಇದೆ, ನಾನು ಊಹಿಸಿದ ಅಂತರದಲ್ಲೇ ಇದೆ ಎಂದು ಕಂಡಾಗ, ಒಪ್ಪಿಕೊಳ್ಳುತ್ತೇನೆ, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದೆ.

ಹುಯಿ ಮಿನ್ ಜಲಜನಕ ಕೀಳತೊಡಗಿದಳು. ಟಿಕ್. ಪಕ್ಕಕ್ಕೆ. ಟಿಕ್. ಗೆರೆ ಉದ್ದವಾಯಿತು. ಆಮೇಲೆ ಅದರ ಮೇಲೆ ಮೆಲ್ಲಗೆ ಸೂಜಿ ಓಡಿಸಿ ಚಿತ್ರ ತೆಗೆದಳು. ಎಡತುದಿಯಿಂದ ಮೂಡುತ್ತಾ ಬಂತು: ಬೆಳಕು, ಮಂಕು. ಬೆಳಕು, ಮಂಕು.

"ಏರಿಳಿತ!" ಎಂದು ಅವಳ ಭುಜ ಹಿಡಿದು ಅಲ್ಲಾಡಿಸಿದೆ. "ನೋಡು! ನಾನು ಹೇಳಲಿಲ್ವಾ?"

"ಮುಟ್ಟಬೇಡ, ಅಲ್ಲಾಡುತ್ತೆ. ಪೂರ್ತಿ ಬರಲಿ."

ನಡುವಿಗೆ ಬಂದಾಗ ಗೆರೆ ತಪ್ಪಿತು. ಮಂಕಿನ ಪಕ್ಕದಲ್ಲೇ ಇನ್ನೊಂದು ಮಂಕು. ಅಲ್ಲಿಂದಾಚೆ ಏರಿಳಿತ ಮತ್ತೆ ಶುರುವಾಯಿತು, ಆದರೆ ಒಂದು ಹೆಜ್ಜೆ ತಪ್ಪಿದ ಮೆರವಣಿಗೆಯಂತೆ. ನನ್ನ ಲೆಕ್ಕದಲ್ಲಿ ಇದು ಇರಲೇ ಇಲ್ಲ.

"ಕೊಳೆ ಬಿದ್ದಿರಬೇಕು," ಎಂದೆ.

ಹುಯಿ ಮಿನ್ ಮತ್ತೆ ಚಿತ್ರ ತೆಗೆದಳು. ತಪ್ಪಿದ ಜಾಗ ಬಲಕ್ಕೆ ಸರಿದಿತ್ತು. ಕೊಳೆ ಹಾಗೆ ನಡೆಯುವುದಿಲ್ಲ. ಮೂರನೆಯ ಸಲ ತೆಗೆದಾಗ ಇನ್ನೂ ಬಲಕ್ಕೆ. ಆ ಬಿರುಕು ಗೆರೆಯ ಮೇಲೆ ತಿರುಗಾಡುತ್ತಿತ್ತು.

ಮೂರೂ ಚಿತ್ರಗಳನ್ನು ಪರದೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆವು. ಮೊದಲು ಮಾತಾಡಿದವಳು ಅವಳು. "ನನ್ನ ಹಳೇ ಚಿತ್ರ ಇಷ್ಟು ತಂಪಿನಲ್ಲಿ ತೆಗೆದದ್ದಲ್ಲ. ಬೆಚ್ಚಗಿದ್ದಾಗ ಇದು ಹುಚ್ಚು ಹಿಡಿದ ಹಾಗೆ ಆ ಕಡೆ ಈ ಕಡೆ ಓಡಿರುತ್ತೆ. ಬಿರುಕು ಹಾದುಹೋದಾಗಲೆಲ್ಲ ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ. ಸೂಜಿ ನಿಧಾನ. ಅದಕ್ಕೆ ಎಲ್ಲ ಒಂದೇ ಎತ್ತರ ಕಂಡಿದೆ."

ನನಗೂ ಹೊಳೆಯಿತು. ನಾನು ಲೆಕ್ಕ ಮಾಡಿದ್ದು ಸಮಸಂಖ್ಯೆಯ ಪರಮಾಣುಗಳ ಗೆರೆಯಲ್ಲಿ, ಎರಡು ತುದಿಯನ್ನೂ ಒಂದಕ್ಕೊಂದು ಸೇರಿಸಿ. ಅಂಥ ಗೆರೆಯಲ್ಲಿ ಒಂದೇ ಒಂದು ಬಿರುಕಿಗೆ ಜಾಗವೇ ಇಲ್ಲ; ಬೆಸ ಸಂಖ್ಯೆಯಾದರೆ ಮೇಲೆ ಕೆಳಗೆ ಜೋಡಿ ಕೂಡದೆ ಎಲ್ಲೋ ಒಂದು ಕಡೆ ತಪ್ಪಲೇಬೇಕು. "ಇದಕ್ಕೆ ತಪ್ಪೋ ಅವಕಾಶಾನೇ ನಾನು ಕೊಟ್ಟಿರಲಿಲ್ಲ," ಎಂದೆ. "ಹಾಗಾದ್ರೆ ವಿದ್ಯುತ್ತು..."

"ಬಿರುಕಿನ ಜೊತೆ ನಡೀಬಹುದು," ಎಂದು ಅವಳು ಮುಗಿಸಿದಳು.

ಹರಿಯುವುದಿಲ್ಲ ಎಂದು ಎರಡು ವರ್ಷ ಹಠ ಹಿಡಿದವಳು ನಾನು. ಸಲೀಸಾಗಿ ಹರಿಯುತ್ತದೆ ಎಂದವಳು ಅವಳು. ಗೆರೆ ಇಬ್ಬರ ಮಾತನ್ನೂ ಕೇಳದೆ ತನ್ನ ಪಾಡಿಗೆ ತಾನು ಕುಂಟಿಕೊಂಡು ನಡೆಯುತ್ತಿತ್ತು.

"ನಾಲ್ಕನೇದು ತೆಗಿ," ಎಂದೆ. ಸೂಜಿ ಅರ್ಧ ದಾರಿಯಲ್ಲಿದ್ದಾಗ ಹೊರಗೆ ಇನ್ನೊಂದು ಸೈರನ್ ಕೂಗಿತು. ಮೋಡ ದಾಟಿಹೋಗಿದೆಯಂತೆ. ಹುಯಿ ಮಿನ್ ಸೂಜಿ ಎತ್ತಲು ಕೈ ಚಾಚುವ ಮೊದಲೇ ದಢ್. ಪರದೆಯ ತುಂಬ ಬೆಳ್ಳಗಿನ ಕಲೆ. ಸೂಜಿ ಹರಳಿಗೆ ನಾಟಿಕೊಂಡಿತ್ತು. ಗೆರೆ ಇದ್ದ ಜಾಗದಲ್ಲಿ ಈಗ ಒಂದು ಗುಂಡಿ.

ಹಾಕರ್ ಸೆಂಟರ್

ಮರುದಿನ ಬಿಚ್ಚುವವರು ಬಂದರು. ಮೊದಲ ಬೋಲ್ಟನ್ನು ಹುಯಿ ಮಿನ್ ತಾನೇ ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡಳು. ಉಳಿದದ್ದನ್ನು ನೋಡಲಾರೆ ಎಂದು ನನ್ನನ್ನು ಹಾಕರ್ ಸೆಂಟರ್ ಎಂಬ, ಒಂದೇ ಸೂರಿನಡಿ ಸಾಲು ತಿಂಡಿ ಅಂಗಡಿಗಳಿರುವ ಜಾಗಕ್ಕೆ ಊಟಕ್ಕೆಂದು ಎಳೆದುಕೊಂಡು ಹೋದಳು. ಮಾಂಸವಿಲ್ಲದ ಊಟವೆಂದು ಅವಳು ಕೊಡಿಸಿದ ತಟ್ಟೆಯಲ್ಲಿ ಸಿಗಡಿ ಇತ್ತು, ಅದು ಮಾಂಸವಲ್ಲವಂತೆ. ನಾನು ಅನ್ನ ಮಾತ್ರ ಬೇರೆ ಮಾಡಿ ಕೂತೆ.

"ಬಿರುಕನ್ನ ಸೂಜಿ ತಳ್ಳಿರಬಹುದು," ಎಂದಳು. "ಪ್ರತಿ ಸಲ ಬಲಕ್ಕೇ ಯಾಕೆ ಹೋಯ್ತು?"

"ಮೂರೇ ಚಿತ್ರ ಇಟ್ಕೊಂಡು ಬಲ ಎಡ ಅಂತ ಹೇಳೋಕಾಗುತ್ತಾ? ತಾನಾಗೇ ನಡೀತು."

"ನೀನು ಲೆಕ್ಕದೋಳು. ಸೂಜಿ ಏನು ಮಾಡುತ್ತೆ ಅಂತ ನಿನಗೆ ಗೊತ್ತಿಲ್ಲ."

"ನೀನು ಹರಳು ಕರಗಿಸಿದೋಳು. ಸುಮ್ನಿರು."

ಅವಳು ನಕ್ಕಳು. ಅಷ್ಟು ದಿನದಲ್ಲಿ ಅದೇ ಮೊದಲು. ಆಮೇಲೆ, "ಏರಿಳಿತ ಇದೆ ಅಂತ ನನ್ನ ಹಳೇ ಪ್ರಬಂಧಕ್ಕೆ ತಿದ್ದುಪಡಿ ಕಳಿಸ್ತೀನಿ. ನಿನ್ನ ಹೆಸರು ಹಾಕಿ," ಎಂದಳು. ನಾನು ಅನ್ನ ಕಲಸುತ್ತಾ ಕೂತೆ.

"ತಳ್ಳಿದ್ದಾ, ತಾನೇ ನಡೆದದ್ದಾ ಅಂತ ನೋಡೋಕೆ ಯಂತ್ರ ಬೇಕಲ್ಲ," ಎಂದೆ ಕೊನೆಗೆ. "ಅದು ಸರಿಹೋಗೋ ಹೊತ್ತಿಗೆ ನಾನು ರಿಟೈರ್ಡ್. ರಜೆ ಇಲ್ಲ, ಕಾಲೇಜಿಲ್ಲ, ಕಳಿಸೋರಿಲ್ಲ."

ಹುಯಿ ಮಿನ್ ಅರ್ಥವಾಗದವಳಂತೆ ನನ್ನನ್ನು ನೋಡಿದಳು. "ರಿಟೈರ್ ಆದ್ರೆ ಕ್ಲಾಸ್ ಇರಲ್ಲ. ಕ್ಲಾಸ್ ಇಲ್ಲ ಅಂದ್ರೆ ಇನ್ನೂ ಒಳ್ಳೇದಲ್ವಾ? ಒಂದು ವಾರ ಅಂತ ಬಂದು ಓಡಬೇಡ. ತಿಂಗಳು ಇರು. ನನ್ನ ಮನೆ ಟ್ಯಾಂಪಿನೀಸ್‌ನಲ್ಲಿ, ಒಂದು ರೂಮ್ ಖಾಲಿ ಇದೆ." ತಟ್ಟೆ ಎತ್ತಿಕೊಂಡು ಎದ್ದಳು. "ಅಷ್ಟರಲ್ಲಿ ಲೆಕ್ಕ ಹೊಸದಾಗಿ ಮಾಡಿಟ್ಟಿರು, ವಾರಿ. ಈ ಸಲ ಬೆಸ ಸಂಖ್ಯೆ ತಗೋ."

ನಾನು ಹೂಂ ಎನ್ನುವುದನ್ನೂ ಕಾಯದೆ ತಟ್ಟೆ ಇಡುವ ಕಡೆಗೆ ನಡೆದುಬಿಟ್ಟಳು.